ಶೇಖಪ್ಪನವರ ಎಕ್ಸೆಮ್ಮೆಲ್ ಉಪವಾಸ

ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಎಕ್ಸೆಮ್ಮೆಲ್ ಬಲ್ಲವನ ನೆರೆಯವರಿಗೆ ಏನಿಲ್ಲ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಅವರಿಗೆ ಊಟವೇ ಇಲ್ಲ, ಜಗಳ ಬೇಕಾದಷ್ಟಿದೆ. ಇದು ಎಲ್ಲೋ ಕೇಳಿದ ಮಾತಲ್ಲ, ದುಬೈಯ ನಮ್ಮ ಕಟ್ಟಡದಲ್ಲೇ ನಡೆದದ್ದು.

ಆಗ ಡಿಸ್ಕವರಿ ಗಾರ್ಡನ್ಸ್ ಹೊಸದಾಗಿ ತುಂಬುತ್ತಿತ್ತು. ಕಟ್ಟಡಗಳೆಲ್ಲ ಒಂದೇ ಎತ್ತರ, ಹೆಚ್ಚುಕಡಿಮೆ ಒಂದೇ ಮುಖ. ಕೆಲಸ ಮುಗಿಸಿ ಸುಸ್ತಾಗಿ ಬಂದವರು ಬೇರೆಯವರ ಬಾಗಿಲಿಗೆ ಕೀಲಿಕೈ ತುರುಕಿ ಒದ್ದಾಡುವುದು ದಿನನಿತ್ಯದ ಕಾರ್ಯಕ್ರಮವಾಗಿತ್ತು. ಭಾರತೀಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ನಾನು, ಬಿಜಾಪುರದ ತರುಣ ಎಂಬ ಅಕೌಂಟೆಂಟನ ಜೊತೆ ಅಲ್ಲೊಂದು ಫ್ಲ್ಯಾಟಿನಲ್ಲಿದ್ದೆ. ಎದುರು ಬಾಗಿಲು ಗಜೇಂದ್ರಗಡದ ಶೇಖಪ್ಪನವರದು. ಅವರ ಹೆಂಡತಿ ಬಸವ್ವನವರು, ಸಂಸಾರವನ್ನು ಊರಲ್ಲಿ ಬಿಟ್ಟು ಬಂದ ನಮ್ಮಂಥವರಿಗೆಲ್ಲ ಡಬ್ಬಿ ಕಟ್ಟಿ ಕೊಡುತ್ತಿದ್ದರು. ಅವರ ಜೋಳದ ರೊಟ್ಟಿಯ ರುಚಿಗೆ ಬಿದ್ದು ಊರಿಗೆ ಹೋಗುವ ರಜೆಯನ್ನೇ ಮುಂದೂಡಿದ ಗಂಡಸರನ್ನು ನಾನು ಬಲ್ಲೆ.

ಮೇಲಿನ ಮಹಡಿಯಲ್ಲಿ ಕರಾವಳಿಯ ಮೂವರು ಒಂದೇ ಫ್ಲ್ಯಾಟನ್ನು ಹಂಚಿಕೊಂಡಿದ್ದರು. ಮೊರಿಸ್ ಶಿರ್ವದವರು, ಮರಗೆಲಸದ ವರ್ಕ್‌ಶಾಪಿನಲ್ಲಿ ಫೋರ್‌ಮನ್. ದೊಡ್ಡ ದೇಹ, ದೊಡ್ಡ ದನಿ, ಅದಕ್ಕೆ ತಕ್ಕ ಬಿ.ಪಿ. ಜಯಪಾಲರು ಕಾರ್ಕಳದ ಜೈನರು, ಟೈಪಿಂಗ್ ಸೆಂಟರಿನಲ್ಲಿ ಜನರ ವೀಸಾ ಅರ್ಜಿ ಟೈಪು ಮಾಡುವವರು. ಅಲಿಯಬ್ಬ ಉಳ್ಳಾಲದವರು, ಸೂಪರ್ ಮಾರ್ಕೆಟ್ಟಿನ ವ್ಯಾನು ಓಡಿಸುವವರು. ಬೆಳಿಗ್ಗೆ ಹೋಗುವ ದಾರಿಯಲ್ಲಿ ಬಸವ್ವನವರ ಡಬ್ಬಿಗಳನ್ನೂ ಅವರವರ ಕೆಲಸದ ಜಾಗಕ್ಕೆ ಮುಟ್ಟಿಸುತ್ತಿದ್ದರು. ಮೂವರೂ ದೇರಾದ ಹಳೇ ರೂಮಿನಿಂದ ಜೊತೆಗಿದ್ದವರು. ತಮ್ಮ ತಮ್ಮ ಹೆಂಡಿರ ಜೊತೆ ಇದ್ದದ್ದಕ್ಕಿಂತ ಹೆಚ್ಚು ವರ್ಷ ಒಬ್ಬರೊಬ್ಬರ ಜೊತೆ ಕಳೆದಿದ್ದರು. ಮನೆಯ ಬಾಡಿಗೆ ಪತ್ರ ಮೊರಿಸ್ ಹೆಸರಿನಲ್ಲಿತ್ತು. ಮೊರಿಸ್ ಶುಕ್ರವಾರ ಮಾತ್ರ, ಅದೂ ಬಾಲ್ಕನಿಯಲ್ಲಿ ಮೀನು ಹುರಿಯಬೇಕು, ಆ ಹೊತ್ತಿಗೆ ಜಯಪಾಲರು ವಾಕಿಂಗ್ ಹೋಗಬೇಕು ಎಂಬ ಒಪ್ಪಂದದ ಮೇಲೆ ಆ ಮನೆಯ ಶಾಂತಿ ನಿಂತಿತ್ತು.

ಶೇಖಪ್ಪನವರು ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಮೋಟಾರು ಬಿಡಿಭಾಗಗಳ ಸ್ಟೋರ್‌ಕೀಪರ್. ಅವರ ಕಂಪನಿಯವರು ಲೆಕ್ಕವೆಲ್ಲ ಕಂಪ್ಯೂಟರಿನ ಟೇಬಲ್ಲುಗಳಲ್ಲಿ ಇಟ್ಟಿದ್ದರು. ಅಬುಧಾಬಿಯ ಶಾಖೆಯವರೂ ಅಲ್ಲಿಂದಲೇ ಪ್ರಶ್ನೆ ಕೇಳಿ ಉತ್ತರ ಪಡೆಯಲಿ ಎಂದು ಆ ಟೇಬಲ್ಲುಗಳನ್ನೆಲ್ಲ ಎಕ್ಸೆಮ್ಮೆಲ್ ಎಂಬ ರೂಪಕ್ಕೆ ತಿರುಗಿಸುವುದೆಂದು ತೀರ್ಮಾನವಾಯಿತು. ಕಲಿಸಲು ಅಭಿಜೀತ ಎಂಬ ಧಾರವಾಡದ ಸಾಫ್ಟ್‌ವೇರ್ ಹುಡುಗ ಬಂದ. ತರಬೇತಿ ಮುಗಿದ ಮರುದಿನವೇ ಶೇಖಪ್ಪನವರು 'ಎಕ್ಸೆಮ್ಮೆಲ್ ಸ್ಪೆಷಲಿಸ್ಟ್' ಎಂದು ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸಿ, ಮೊದಲನೆಯದನ್ನು ಕಟ್ಟಡದ ವಾಚ್‌ಮನ್ನನಿಗೆ ಕೊಟ್ಟರು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, ಎ.ಸಿ. ರಿಪೇರಿಗೆ ಈ ನಂಬರಿಗೇ ಫೋನು ಮಾಡಬೇಕೇ ಎಂದು ಕೇಳಿದ.

ನನಗೂ ಒಂದು ಕಾರ್ಡು ಸಿಕ್ಕಿತು, ಜೊತೆಗೆ ಉಪನ್ಯಾಸ.

"ಈಗ ನೋಡ್ರಿ ಮಾಸ್ತರ, ಟೇಬಲ್ ಅಂದ್ರ ಏನು? ಸಾಲು, ಕಂಬ. ನಮ್ಮ ಕಟ್ಟಡಾನ ತಗೋರಿ, ಒಂದರಾಗ ಮನಿ, ಒಂದರಾಗ ಮಂದಿ, ಇನ್ನೊಂದರಾಗ ಅವರ ನೇಮ. ಎಲ್ಲಾ ಬ್ಯಾರೆ ಬ್ಯಾರೆ ಕುಂತಿರ್ತಾವ, ನಡುವ ನಂಬರಿನ ಗಂಟು. ಎಕ್ಸೆಮ್ಮೆಲ್ ಹಂಗಲ್ಲ. ಡಬ್ಬಿ ಒಳಗ ಡಬ್ಬಿ. ಎಲ್ಲಾದಕ್ಕೂ ಮ್ಯಾಲೆ ಒಂದ ದೊಡ್ಡ ಡಬ್ಬಿ. ಪ್ರತಿಯೊಂದಕ್ಕೂ ಮುಚ್ಚಳದ ಮ್ಯಾಲೆ ಹೆಸರು. ಕೇಳಿದ್ರ ಅದ ತಾನ ಹುಡುಕಿ ಕೊಡತೈತಿ."

"ಯಾರು ಕೇಳುತ್ತಾರೆ?"

"ಯಾರರೆ ಕೇಳ್ಲಿ! ಮೊದಲ ಉತ್ತರ ತಯಾರ ಇರಬೇಕು."

ಆಫೀಸಿನ ಸಾಮಾನಿಗೆ ಕೈ ಹಾಕುವ ಮುಂಚೆ ಮನೆಯಲ್ಲೇ ಕೈ ಪಳಗಿಸಬೇಕು ಎಂದು ಅವರು ಬಸವ್ವನವರ ಡಬ್ಬಿ ವ್ಯವಹಾರವನ್ನು ಆರಿಸಿಕೊಂಡರು. ಅದಕ್ಕೆ ಕಾರಣವೂ ಇತ್ತು. ಬಸವ್ವನವರ ಕೈ ಎಷ್ಟು ರುಚಿಯೋ ನೆನಪು ಅಷ್ಟೇ ಸಡಿಲ. ಜಯಪಾಲರ ಡಬ್ಬಿಯಲ್ಲಿ ಉಳ್ಳಾಗಡ್ಡಿ ಸಿಗುವುದು, ನನಗೆ ಆಗದ ಬದನೆಕಾಯಿ ನನ್ನ ಡಬ್ಬಿಗೇ ಬರುವುದು, ಮೊರಿಸ್ ಪಲ್ಯಕ್ಕೆ ಉಪ್ಪು ಎರಡು ಸಲ ಬೀಳುವುದು ಮಾಮೂಲಾಗಿತ್ತು. ಕೇಳಿದರೆ "ಆರಿಸಿ ಬಾಜೂಕ ಇಡ್ರಲಾ, ಉಣ್ಣೂದ ಬಿಡ್ತಾರೇನು?" ಎನ್ನುತ್ತಿದ್ದರು. ಹೀಗಾಗಿ ಶೇಖಪ್ಪನವರು ಮನೆಮನೆಗೆ ಬಂದು, ಯಾರಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ, ಯಾವಾಗ ಉಪವಾಸ ಎಂದು ಎಲ್ಲ ಕೇಳಿಕೊಂಡು ಹೋದರು. ನಾನು ಬದನೆಕಾಯಿಯನ್ನು ಬರೆಸಿದೆ. ಜಯಪಾಲರು ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗಡ್ಡೆಗೆಣಸು ಬೇಡ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಎಂದು ಬರೆಸಿದರು. ಅಲಿಯಬ್ಬ ರಂಜಾನ್ ತಿಂಗಳಲ್ಲಿ ಹಗಲು ಬೇಡ, ಸಂಜೆಯ ಮಗ್ರಿಬ್ ಬಾಂಗಿನ ಮೇಲೆ ಕೊಡಿ ಎಂದರು. ಮೊರಿಸ್ ಉಪ್ಪು ಕಡಿಮೆ ಎಂದು ಮೆಲ್ಲಗೆ ಹೇಳಿ, ಉಪ್ಪಿನಕಾಯಿ ಅದರ ಲೆಕ್ಕಕ್ಕಿಲ್ಲ ಎಂದು ಗಟ್ಟಿಯಾಗಿ ಸೇರಿಸಿದರು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಎಡವಟ್ಟಾದದ್ದು ಮುಂದೆ. ಡಬ್ಬಿಯೊಳಗೆ ಡಬ್ಬಿ ಎಂದರೆ, ಮನೆಯೊಳಗೆ ಮನುಷ್ಯ, ಮನುಷ್ಯನೊಳಗೆ ಅವನ ನೇಮ ಇರಬೇಕು. ಹಾಗೆ ಇಟ್ಟರೆ ಬೆಳ್ಳುಳ್ಳಿ ಬೇಡ ಎಂಬ ಮಾತನ್ನು ಬೇಡವೆಂದವರೆಲ್ಲರ ಹೆಸರಿನ ಕೆಳಗೂ ಮತ್ತೆ ಮತ್ತೆ ಬರೆಯಬೇಕು. ಶೇಖಪ್ಪನವರು ಸ್ಟೋರಿನಲ್ಲಿ ತಲೆ ನರೆಸಿಕೊಂಡವರು. ಒಂದೇ ಸಾಮಾನನ್ನು ಎರಡು ಕಡೆ ಬರೆದರೆ ಆಡಿಟರು ಮೈಮೇಲೆ ಬರುತ್ತಾನೆ ಎಂಬ ಭಯ ಅವರ ರಕ್ತದಲ್ಲೇ ಇತ್ತು. ಗೋದಾಮಿನಲ್ಲಿ ಒಂದು ರ‍್ಯಾಕಿನಲ್ಲಿ ಇಟ್ಟ ಸಾಮಾನೆಲ್ಲ ಒಂದೇ ಜಾತಿಯದು. ರ‍್ಯಾಕಿಗೆ ಒಂದು ಚೀಟಿ ಅಂಟಿಸಿದರೆ ಮುಗಿಯಿತು. ಅದೇ ಬುದ್ಧಿಯಿಂದ ಅವರು ನೇಮಗಳನ್ನೆಲ್ಲ ಮನುಷ್ಯನ ಡಬ್ಬಿಯಿಂದ ತೆಗೆದು ಮನೆಯ ಮುಚ್ಚಳದ ಮೇಲೆ ಬರೆದುಬಿಟ್ಟರು. ಮನುಷ್ಯರು ಬ್ರೇಕ್ ಪ್ಯಾಡುಗಳಲ್ಲ ಎಂಬುದು ಆ ಹೊತ್ತಿನಲ್ಲಿ ಅವರಿಗೆ ಹೊಳೆಯಲಿಲ್ಲ.

ಆ ವರ್ಷ ಅಲಿಯಬ್ಬನ ರಂಜಾನೂ ಜಯಪಾಲರ ದಶಲಕ್ಷಣ ಪರ್ವವೂ ಒಟ್ಟಿಗೇ ಬಂದವು. ಜಯಪಾಲರಿಗೆ ಪರ್ವದಲ್ಲಿ ಒಂದೇ ಹೊತ್ತು ಊಟ, ಅದೂ ಸೂರ್ಯ ಮುಳುಗುವುದರೊಳಗೆ. ಶೇಖಪ್ಪನವರು ಪರ್ವದ ಮೊದಲ ದಿನ ಬೆಳಿಗ್ಗೆ ಕಂಪ್ಯೂಟರಿಗೆ ಪ್ರಶ್ನೆ ಹಾಕಿ, ಉತ್ತರವನ್ನು ಅಚ್ಚು ಮಾಡಿ, ಒಲೆಯ ಪಕ್ಕ ಅಂಟಿಸಿ ಕೆಲಸಕ್ಕೆ ಹೋದರು.

ಮಧ್ಯಾಹ್ನ ನಾನು ಶಾಲೆಯಿಂದ ಬರುವ ಹೊತ್ತಿಗೆ ಮೊರಿಸ್ ಬಸವ್ವನವರ ಬಾಗಿಲಲ್ಲಿ ನಿಂತಿದ್ದರು. ಮುಖ ಕೆಂಪಾಗಿತ್ತು.

"ಬಸವ್ವಕ್ಕ, ನನ್ನ ಡಬ್ಬಿ ಬರ್ಲೇ ಇಲ್ಲ."

"ಬರಂಗಿಲ್ಲ ಮೋರಿಸಣ್ಣಾರ. ನಿಮ್ಮ ಮನ್ಯಾಗ ಉಪವಾಸ ಐತಲ್ರಿ."

"ಉಪವಾಸ ಅಲಿಯಬ್ಬನಿಗೆ ಅಕ್ಕ, ನನಗೆಂತಕೆ?"

"ಚೀಟ್ಯಾಗ ಮನಿ ಅಂತ ಐತಿ. ಅಲಿಯಬ್ಬ ಅಂತ ಇಲ್ಲ."

"ನಾನು ಇಗರ್ಜಿಗೆ ಹೋಗುವ ಜನ ಮಾರಾಯ್ರೆ! ನಮಗೆ ಉಪವಾಸ ಬರುವುದು ಮಾರ್ಚಿಗೆ!"

"ಹೌದ? ಹಂಗಾದ್ರ ಮಾರ್ಚಿಗೂ ಕೊಡಂಗಿಲ್ಲ. ಅದನ್ನೂ ಬರಿಸ್ತೇನಿ ತಡೀರಿ."

ಬಸವ್ವನವರಿಗೆ ಕರುಣೆ ಇರಲಿಲ್ಲ ಎಂದು ತಿಳಿಯಬೇಡಿ. ಇಷ್ಟು ವರ್ಷ 'ನಿನಗ ನೆನಪಿಲ್ಲ' ಎಂದು ಗಂಡನಿಂದ ಹೇಳಿಸಿಕೊಂಡವರು. ಈಗ ಮೊದಲ ಬಾರಿ ತಪ್ಪಿಲ್ಲದಂತೆ ನಡೆಯುವ ಅವಕಾಶ ಸಿಕ್ಕಿತ್ತು. ಆ ಚೀಟಿಯನ್ನು ಅವರು ಶಾಸನದಂತೆ ಪಾಲಿಸುತ್ತಿದ್ದರು. ಮೊರಿಸ್ ಅಂಗಲಾಚಿದರು, ಹೊಟ್ಟೆ ತೋರಿಸಿದರು, ಊಟದ ಮೇಲೆ ನುಂಗಬೇಕಾದ ಬಿ.ಪಿ. ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. ಹೋಟೆಲಿಗೆ ಹೋಗೋಣವೆಂದರೆ ರಂಜಾನಿನ ಹಗಲು. ಸುತ್ತಲಿನ ಕೆಫೆಟೇರಿಯಾಗಳೆಲ್ಲ ಶಟರ್ ಎಳೆದಿದ್ದವು. ಕೊನೆಗೆ ಅವರು ಮೇಲೆ ಹೋಗಿ ನಿನ್ನೆಯ ಖುಬ್ಬೂಸ್ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ತಿಂದರಂತೆ.

ಕತ್ತಲಾದ ಮೇಲೆ ಶೇಖಪ್ಪನವರು ಬಂದಾಗ ಮೂವರೂ ಕೆಳಗಿಳಿದು ಬಂದರು. ನಾನೂ ಹೋದೆ. ಎದುರು ಮನೆಯಲ್ಲಿ ಜಗಳವಾದರೆ ಹೋಗದೆ ಇರುವುದು ನೆರೆಹೊರೆಯ ಧರ್ಮವಲ್ಲ.

ಶೇಖಪ್ಪನವರು ಸಾವಧಾನದಿಂದ ಲ್ಯಾಪ್‌ಟಾಪು ತೆರೆದರು. "ಈಗ ನಿಮ್ಮ ಮನಿಗೆ ಊಟದ ಹೊತ್ತು ಯಾವುದು ಅಂತ ಕೇಳೂಣು" ಎಂದು ಟೈಪು ಮಾಡಿದರು. ಪರದೆಯ ಮೇಲೆ ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದರು. ಮತ್ತೆ ಬಿಳಿ.

"ಕೆಟ್ಟುಹೋಯ್ತಾ?" ಎಂದರು ಅಲಿಯಬ್ಬ.

"ಛೇ! ಬರೋಬ್ಬರಿ ಐತಿ. ಹಗಲ ಉಣ್ಣಂಗಿಲ್ಲ ಅಂತ ನೇಮ ಐತಿ. ಹೊತ್ತು ಮುಳುಗಿದ ಮ್ಯಾಲೆ ಉಣ್ಣಂಗಿಲ್ಲ ಅಂತನೂ ನೇಮ ಐತಿ. ಹಗಲೂ ಅಲ್ಲ, ರಾತ್ರೀನೂ ಅಲ್ಲ ಅಂದ್ರ ಯಾವ ಹೊತ್ತು ಉಳೀತು? ಅದಕ್ಕ ಖಾಲಿ ಬಂದೈತಿ. ಖಾಲಿ ಅನ್ನೂದೂ ಒಂದು ಉತ್ತರ ಐತ್ರಿ."

"ಆ ಉತ್ತರವನ್ನು ತಟ್ಟೆಯಲ್ಲಿ ಹಾಕಿ ತಿನ್ಲಿಕ್ಕೆ ಆಗ್ತದಾ?" ಎಂದು ಮೊರಿಸ್ ಗುಡುಗಿದರು. "ಹಗಲು ಬೇಡ ಅಂತ ಬರೆಸಿದ್ದು ಯಾರು?"

"ಅಲಿಯಬ್ಬಾರು."

"ರಾತ್ರಿ ಬೇಡ ಅಂತ?"

"ಜಯಪಾಲರು. ನಾ ನನ್ನ ಕೈಯಿಂದ ಏನೂ ಹಾಕಿಲ್ಲಪಾ."

ಇದು ಸತ್ಯವೇ. ಆದರೆ ಹಸಿದವನ ಕಿವಿಗೆ ಸತ್ಯ ಬೇರೆ ರೀತಿಯಲ್ಲಿ ಕೇಳಿಸುತ್ತದೆ. ಜೊತೆಗಾರರಿಬ್ಬರೂ ತಮ್ಮ ತಮ್ಮ ಧರ್ಮವನ್ನು ಇಡೀ ಮನೆಯ ಹೆಸರಿಗೆ ಬರೆಸಿ, ತನ್ನನ್ನು ಉಪವಾಸ ಕೆಡವಿದ್ದಾರೆ ಎಂದು ಮೊರಿಸ್‌ಗೆ ಖಾತ್ರಿಯಾಯಿತು. ಅವರು ಜಯಪಾಲರ ಕಡೆ ತಿರುಗಿದರು.

"ಮೊದಲು ನನ್ನ ಬಂಗುಡೆ ಮೀನನ್ನು ಬಾಲ್ಕನಿಗೆ ಹಾಕಿದ್ರಿ. ಈಗ ಅನ್ನಕ್ಕೂ ಬಂತಾ?"

"ಎಂತ ಮಾತಾಡ್ತೀರಿ ಮಾರಾಯ್ರೆ! ಇರುವುದೇ ಒಂದು ಹೊತ್ತಿನ ಊಟ, ನನಗೂ ಬರ್ಲಿಲ್ಲ. ಮತ್ತೆ ಉಪ್ಪು ಬೇಡ ಅಂತ ಮನೆಗೆಲ್ಲ ಬರೆಸಿದ್ದು ಯಾರು? ನೀವೇ ಅಲ್ವಾ?"

"ನನ್ನ ಬಿ.ಪಿ.ಗೆ ನಿಮಗೆ ಹೊಟ್ಟೆಕಿಚ್ಚಾ?"

ಅಲಿಯಬ್ಬ ನಡುವೆ ಬಾಯಿ ಹಾಕಿ, "ಯಲ್ಲಾ, ಬಿಡಿ ಮಾರಾಯ್ರೆ, ಪಳ್ಳಿಯ ಇಫ್ತಾರ್ ಟೆಂಟಿನಲ್ಲಿ ಒಳ್ಳೆ ಬಿರಿಯಾನಿ ಉಂಟು, ನೀವೂ ಬನ್ನಿ" ಎಂದರು. ಅವರದು ಒಳ್ಳೆಯ ಮನಸ್ಸಿನ ಮಾತು. ಆದರೆ ಬಿರಿಯಾನಿ ಉಂಡು ಬಂದವನ ಸಮಾಧಾನದ ಮುಖ ಮೊರಿಸ್‌ಗೆ ಇನ್ನಷ್ಟು ಅನುಮಾನ ಹುಟ್ಟಿಸಿತು. "ನಿಮಗೆ ಬಿರಿಯಾನಿ ಉಂಟಲ್ಲ, ಅದಕ್ಕೇ ನಮಗೆ ಬಾಗಿಲು ಹಾಕಿದ್ದು" ಎಂದರು. ಆ ರಾತ್ರಿ ಮೇಲಿನ ಮನೆಯಲ್ಲಿ ಮೂರು ದೀಪಗಳು ಬೇರೆ ಬೇರೆ ಹೊತ್ತಿಗೆ ಆರಿದವು.

ಚೀಟಿ ಗೋಡೆಯಿಂದ ಇಳಿಯಲಿಲ್ಲ, ಮೇಲಿನ ಮನೆಗೆ ಡಬ್ಬಿಯೂ ಹೋಗಲಿಲ್ಲ. ಮುಂದಿನ ದಿನಗಳಲ್ಲಿ ಈ ಖಾಲಿ ಉತ್ತರ ಊರು ಸುತ್ತಿತು. ಜಯಪಾಲರು ಮೊದಲ ದಿನ ಏನೂ ತಿನ್ನಲಿಲ್ಲ ಎಂಬುದನ್ನು ಫೋನಿನಲ್ಲಿ ಕೇಳಿದ ಅವರ ತಾಯಿ, ಮಗ ದುಬೈಯಲ್ಲಿದ್ದುಕೊಂಡು ಪೂರ್ಣ ಉಪವಾಸ ಮಾಡಿದ್ದಾನೆಂದು ಕಾರ್ಕಳದ ಬಸದಿಯಲ್ಲಿ ಹೇಳಿದರು. ಹಿರಿಯರೊಬ್ಬರು ಫೋನಿನಲ್ಲೇ ಆಶೀರ್ವಾದ ಮಾಡಿದರು. ಇನ್ನು ಜಯಪಾಲರು ಹಸಿವಾಯಿತು ಎಂದು ಬಾಯಿ ಬಿಡುವಂತಿರಲಿಲ್ಲ. ಗುಟ್ಟಾಗಿ ಅನ್ನಕ್ಕೆ ತುಪ್ಪ ಕಲಸಿಕೊಂಡು ದಿನಕ್ಕೊಮ್ಮೆ ತಿನ್ನುತ್ತ, ತಪಸ್ವಿಯ ಮುಖ ಹೊತ್ತು ಓಡಾಡಿದರು.

ಮೊರಿಸ್ ತಲೆ ಸುತ್ತು ಎಂದು ಡಾಕ್ಟರ್ ನಿವೇದಿತಾ ಅವರಲ್ಲಿಗೆ ಹೋದರು. ಮಿರ್ದಿಫ್‌ನಿಂದ ನಮ್ಮ ಕಡೆಯ ಕ್ಲಿನಿಕ್ಕಿಗೆ ಬರುವ ಹುಬ್ಬಳ್ಳಿಯ ಡಾಕ್ಟರು ಅವರು.

"ಬಿ.ಪಿ. ಇಟ್ಟುಕೊಂಡು ಊಟ ಬಿಡಾಕ ನಿಮಗ ಯಾರು ಹೇಳಿದ್ರು?"

"ಎಕ್ಸೆಮ್ಮೆಲ್ ಡಾಕ್ಟ್ರೆ."

ಡಾಕ್ಟರು ಕನ್ನಡಕ ತೆಗೆದರು. "ಅದು ಯಾವ ಡಯಟ್? ಅಮೆರಿಕಾದ್ದೇನು?"

"ಅದು ಗಜೇಂದ್ರಗಡದ್ದು."

ಕೌಂಟರಿನಲ್ಲಿ ಕುಳಿತಿದ್ದ ವೆಲಿಟಾ ಇಷ್ಟನ್ನು ಕೇಳಿಸಿಕೊಂಡಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ದುಬೈಯಲ್ಲೂ ಬರವಿಲ್ಲ. ಎರಡೇ ದಿನದಲ್ಲಿ ಪಕ್ಕದ ಕಟ್ಟಡದ ಗರ್ಟ್ರೂಡ್ ಬಾಯಿ ಬಸವ್ವನವರ ಬಾಗಿಲಿಗೆ ಬಂದರು. ಮಗಳ ಮದುವೆಯೊಳಗೆ ಸೊಂಟ ಇಳಿಯಬೇಕಾಗಿತ್ತಂತೆ.

"ನನ್ನನ್ನೂ ಆ ಎಕ್ಸೆಮ್ಮೆಲ್ಲಿಗೆ ಸೇರಿಸಿ ಬಸವ್ವಕ್ಕ. ಊಟ ಬರದಿದ್ದರೂ ಅಡ್ಡಿಯಿಲ್ಲ."

"ಊಟ ಬರದಿರೋದ ಅದರ ವಿಶೇಷ ನೋಡ್ರಿ" ಎಂದು ಬಸವ್ವನವರು ಹೆಮ್ಮೆಯಿಂದ ಹೆಸರು ಬರೆದುಕೊಂಡರು.

ನಮ್ಮ ಫ್ಲ್ಯಾಟಿನಲ್ಲೂ ಪರಿಣಾಮ ಕಂಡಿತು. ನನ್ನ ಬದನೆಕಾಯಿ ನೇಮ ಮನೆಯ ಮುಚ್ಚಳಕ್ಕೆ ಏರಿದ್ದರಿಂದ ತರುಣನ ಡಬ್ಬಿಗೂ ಎಣ್ಣೆಗಾಯಿ ಬರುವುದು ನಿಂತಿತು. ಬಿಜಾಪುರದ ಹುಡುಗ ಎಣ್ಣೆಗಾಯಿಗಾಗಿಯೇ ಬದುಕಿದ್ದವನು. ಪೇಟೆಯಲ್ಲಿ ಬದನೆಕಾಯಿ ಮಾಫಿಯೇ, ಸಿಗುವುದೇ ಇಲ್ಲವೇ ಎಂದು ಅಲಿಯಬ್ಬನನ್ನು ದಿನಾ ಕೇಳುತ್ತಿದ್ದ. ನನಗೆ ಕಾರಣ ಹೊಳೆದಿತ್ತು. ಆದರೆ ಮನೆಯಲ್ಲಿ ಬದನೆಕಾಯಿಯ ವಾಸನೆಯೇ ಇಲ್ಲದ ಆ ದಿನಗಳು ಬಹಳ ಹಿತವಾಗಿದ್ದವು, ಹಾಗಾಗಿ ಸುಮ್ಮನಿದ್ದೆ.

ನಗುವಷ್ಟು ನಕ್ಕಾದ ಮೇಲೆ ಒಂದು ಬೆಳಿಗ್ಗೆ ಅಲಿಯಬ್ಬ ಡಬ್ಬಿ ಒಯ್ಯಲು ಬಂದವರು ಬಸವ್ವನವರ ಬಾಗಿಲಲ್ಲೇ ಕುಳಿತುಬಿಟ್ಟರು. "ಖಲಾಸ್ ಮಾಸ್ಟ್ರೇ" ಎಂದರು. "ಮೊರಿಸ್ ಮನೆ ಬಿಡ್ತಾರಂತೆ. ಬಾಡಿಗೆ ಪತ್ರ ಅವರದ್ದು. ಇವತ್ತು ಸಂಜೆ ಬ್ರೋಕರ್ ಬಂದು ನೋಡಿ ಹೋಗ್ತಾನೆ. ಜಯಪಾಲ ಶಾರ್ಜಾಕ್ಕೆ ಹೋಗ್ತಾರಂತೆ. ನಾನು ಅಂಗಡಿಯವರ ಕ್ಯಾಂಪಿಗೆ. ಇಷ್ಟು ವರ್ಷ ಆಯ್ತು, ಜ್ವರ ಬಂದ್ರೆ ಒಬ್ಬರಿಗೊಬ್ಬರು ಗಂಜಿ ಮಾಡಿದವರು ನಾವು. ಈಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ."

ದೊಡ್ಡ ಗಂಡಸು ಕಣ್ಣು ಒರೆಸಿಕೊಂಡದ್ದನ್ನು ನೋಡಿ ನನಗೆ ಕೆಡುಕೆನಿಸಿತು. ಒಳಗಿಂದ ಶೇಖಪ್ಪನವರೂ ಬಂದು ನಿಂತರು. ಉತ್ತರ ಖಾಲಿ ಬಂದರೆ ಅವರು ಹೆದರುವವರಲ್ಲ, ಆದರೆ ಮನೆಯೇ ಖಾಲಿಯಾಗುವುದೆಂದರೆ ಬೇರೆ ಮಾತು. ಅವರು ಹೆಂಡತಿಗೆ, "ಏ, ಇವತ್ತ ಒಂದಿನ ಚೀಟಿ ನೋಡಬ್ಯಾಡ, ಡಬ್ಬಿ ಕಟ್ಟಿಬಿಡ" ಎಂದರು.

"ಆಹಾ! ತಪ್ಪ ಮಾಡಿದ್ರ ನನಗ ಬೈಯಾಕ? ಕಂಪ್ಯೂಟರ ಹೇಳಿದ್ದ ಖರೆ" ಎಂದರು ಬಸವ್ವನವರು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಶೇಖಪ್ಪನವರು ಆ ಮಧ್ಯಾಹ್ನವೇ ಅಭಿಜೀತನನ್ನು ಹಿಡಿದು ಮನೆಗೆ ಕರೆತಂದರು. ಹುಡುಗ ಲ್ಯಾಪ್‌ಟಾಪಿನಲ್ಲಿ ಕಣ್ಣಾಡಿಸಿದ, ಮತ್ತೊಮ್ಮೆ ಆಡಿಸಿದ, ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ.

"ಸರ್, ಈ ನೇಮ ಯಾರದು? ಮನಿದೋ, ಮನಷ್ಯಾಂದೋ?"

"ಮನ್ಯಾಗ ಇರೋ ಮನಷ್ಯಾಂದು."

"ಹಂಗಿದ್ರ ಅದನ್ನ ಮನಷ್ಯಾನ ಒಳಗ ಇಡಬೇಕಲ್ರೀ. ನೀವು ಮನಿಗೆ ಹಚ್ಚೀರಿ. ಟೇಬಲ್ಲಿನಾಗ ನಂಬರ ಹಿಡಿದು ಒಬ್ಬೊಬ್ಬರಿಗೇ ಹೊಂದತಿತ್ತು. ಇಲ್ಲಿ ಮ್ಯಾಲೆ ಬರದದ್ದು ಒಳಗಿದ್ದವರಿಗೆಲ್ಲಾ ಬಡೀತು."

"ಆದ್ರ ಒಂದ ಮಾತು ನಾಕು ಕಡೆ ಬರಿಯೂದು ಬರ್ತದಲ್ಲೋ!"

"ಬರೀರಿ ಸರ್. ಮಂದಿ ನಾಕು ಇದ್ರ ನಾಕು ಸಲ ಬರಿಬೇಕು."

ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದ ಬಸವ್ವನವರ ಬಣ್ಣ ಇಳಿಯಿತು. "ಅಂದ್ರ ಚೀಟಿ ತಪ್ಪಿತ್ತು?" ಎಂದರು. "ಮೋರಿಸಣ್ಣ ಗುಳಿಗಿ ಹಿಡಕೊಂಡು ನಿಂತಿದ್ದ. ಹಸದು ಬಾಗಲಿಗೆ ಬಂದವನ್ನ ನಾ ಹೊಳ್ಳಿ ಕಳಿಸೀನಲ್ರೀ. ನಮ್ಮವ್ವ ಇದ್ದಿದ್ರ ನನ್ನ ಮಾರಿ ನೋಡ್ತಿರಲಿಲ್ಲ." ಅವರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಮರುಕ್ಷಣ ಚೀಟಿಯನ್ನು ಗೋಡೆಯಿಂದ ಕಿತ್ತು, ಮುದ್ದೆ ಮಾಡಿ, ಒಲೆ ಹೊತ್ತಿಸಿದರು. "ಏನ್ರೀ, ನೋಡಕೋತ ನಿಂತೀರಿ? ಬೆಲ್ಲ ಕುಟ್ಟರಿ!"

ಎಕ್ಸೆಮ್ಮೆಲ್ ಸ್ಪೆಷಲಿಸ್ಟರು ಬೆಲ್ಲ ಕುಟ್ಟಿದರು. ಸಾಫ್ಟ್‌ವೇರ್ ಹುಡುಗ ಹೆಸರುಬೇಳೆ ಆರಿಸಿದ. ನಾನು ಮೇಲ್ವಿಚಾರಣೆ ವಹಿಸಿಕೊಂಡೆ. ಗೋಧಿ ಹುಗ್ಗಿ, ಹೆಸರುಬೇಳೆ ತೊವ್ವೆ, ರೊಟ್ಟಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲ, ಉಪ್ಪು ಚಿಟಿಕೆಯಷ್ಟು. ಬೇರೆ ಬೇರೆ ಮಾಡಲು ಪುರಸೊತ್ತಿಲ್ಲದೆ ಎಲ್ಲರಿಗೂ ನಡೆಯುವಂಥದ್ದನ್ನೇ ಬಸವ್ವನವರು ಮಾಡಿದರು. ಡಬ್ಬಿಗೆ ತುಂಬಲೂ ಹೊತ್ತಿರಲಿಲ್ಲ. ಪಾತ್ರೆಗಳನ್ನು ಹಾಗೇ ಎತ್ತಿಕೊಂಡು ನಾವು ಮೆಟ್ಟಿಲು ಹತ್ತಿದಾಗ ಕಿಟಕಿಯಲ್ಲಿ ಬಿಸಿಲು ಕೆಂಪಾಗಿತ್ತು.

ಮೇಲೆ ಬಾಗಿಲು ತೆರೆದೇ ಇತ್ತು. ಬ್ರೋಕರ್ ಟೇಪು ಹಿಡಿದು ನಡುಕೋಣೆ ಅಳೆಯುತ್ತಿದ್ದ. ಜಯಪಾಲರ ಸೂಟ್‌ಕೇಸು ಒಂದು ಗೋಡೆಗೆ, ಅಲಿಯಬ್ಬನ ಚೀಲ ಇನ್ನೊಂದು ಗೋಡೆಗೆ ಒರಗಿದ್ದವು. ಮೊರಿಸ್ ಇಬ್ಬರಿಗೂ ಬೆನ್ನು ಹಾಕಿ ಬಾಲ್ಕನಿಯ ಕಡೆ ನೋಡುತ್ತಿದ್ದರು.

"ತಪ್ಪು ನಂದು" ಎಂದರು ಶೇಖಪ್ಪನವರು. ಜನ್ಮದಲ್ಲಿ ಮೊದಲ ಬಾರಿ ಆಡಿದ ಮಾತು, ಸ್ವಲ್ಪ ತೊದಲಿದರು. "ಮೋರಿಸಣ್ಣಾರ, ಇವರಿಬ್ಬರೂ ತಮ್ಮ ತಮ್ಮ ನೇಮ ಅಷ್ಟ ಬರಸಿದ್ರು. ಮನಿ ಮಂದಿಗೆಲ್ಲಾ ಹಚ್ಚಿದವ ನಾನು. ನಿಮ್ಮನ್ನ ನಾ ಗೋದಾಮಿನ ರ‍್ಯಾಕ್ ಅಂತ ತಿಳಕೊಂಡಿದ್ದೆ."

ಮೊರಿಸ್ ನಿಧಾನವಾಗಿ ತಿರುಗಿದರು. ಜಯಪಾಲರ ಮುಖ ನೋಡಿದರು, ಅಲಿಯಬ್ಬನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಸವ್ವನವರು ಕೂಗಿದರು, "ಮಾತು ಆಮ್ಯಾಲೆ! ಹೊತ್ತು ಮುಳುಗಾಕ ಬಂದೈತಿ. ಜಯಪಾಲಣ್ಣ, ಕುಂದರ್ರಿ ಮೊದಲ!"

ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ನೆಲದ ಮೇಲೆ ಪೇಪರು ಹಾಸಿ ಮೂರು ತಟ್ಟೆ ಇಟ್ಟರು. ಗಂಟುಮೂಟೆ ಕಟ್ಟುವ ಗಡಿಬಿಡಿಯಲ್ಲಿ ಆ ದಿನದ ತುಪ್ಪದನ್ನವನ್ನೂ ಬಿಟ್ಟಿದ್ದ ಜಯಪಾಲರು ಒಂದು ಕಣ್ಣು ಸೂರ್ಯನ ಮೇಲೆ, ಒಂದು ಕಣ್ಣು ಹುಗ್ಗಿಯ ಮೇಲೆ ಇಟ್ಟು ಉಣ್ಣತೊಡಗಿದರು. ಅಲಿಯಬ್ಬ ಕೈಯಲ್ಲಿ ಖರ್ಜೂರ ಹಿಡಿದು ಬಾಂಗಿಗೆ ಕಾಯುತ್ತ, "ನಿಧಾನ ಮಾರಾಯ್ರೆ, ಗಂಟಲಿಗೆ ಸಿಕ್ಕೀತು, ಇನ್ನೂ ಹೊತ್ತುಂಟು" ಎಂದು ಜಯಪಾಲರಿಗೆ ಧೈರ್ಯ ಹೇಳುತ್ತಿದ್ದರು. ಜಯಪಾಲರು ಕೊನೆಯ ತುತ್ತು ನುಂಗಿ, ನೀರು ಕುಡಿದು, ಲೋಟ ಕೆಳಗಿಟ್ಟರು. ಮಸೀದಿಯಿಂದ ಬಾಂಗು ಕೇಳಿಸಿತು. ಅಲಿಯಬ್ಬ ಖರ್ಜೂರ ಬಾಯಿಗೆ ಹಾಕಿಕೊಂಡರು. ಮೊರಿಸ್ ಜಯಪಾಲರ ಜೊತೆಗೇ ಶುರುಮಾಡಿದವರು, ಅಲಿಯಬ್ಬನ ಜೊತೆಗೂ ಮುಂದುವರಿಸುತ್ತಿದ್ದರು. ತೊವ್ವೆಗೆ ಉಪ್ಪಿಲ್ಲ ಎಂದು ಗೊಣಗಿದರು, ಇನ್ನೊಮ್ಮೆ ಬಡಿಸಿಕೊಂಡರು. ಕಣ್ಣಲ್ಲಿ ನೀರಿತ್ತು, ಉಪ್ಪಿನ ಕೊರತೆ ಅದರಿಂದ ನೀಗಿತೋ ಏನೋ.

ಬ್ರೋಕರನೂ ಉಪವಾಸಿ. ಬಸವ್ವನವರು ಅವನ ಕೈಗೂ ತಟ್ಟೆ ಕೊಟ್ಟರು. ಅವನು ಉಂಡು ಟೇಪು ಕೈಗೆತ್ತಿಕೊಂಡಾಗ ಮೊರಿಸ್, "ಖಲಾಸ್ ಭಾಯಿ, ಮನೆ ಮಾಫಿ" ಎಂದರು. ಅವನು ಇನ್ನೊಂದು ಸೌಟು ಹುಗ್ಗಿ ಹಾಕಿಸಿಕೊಂಡು ತಕರಾರಿಲ್ಲದೆ ಹೋದ.

ಅಭಿಜೀತ ಅದೇ ವಾರ ಎಕ್ಸೆಮ್ಮೆಲ್ಲನ್ನು ಸರಿಪಡಿಸಿದ. ಮನೆಯೊಳಗೆ ಮನುಷ್ಯ, ಮನುಷ್ಯನೊಳಗೆ ನೇಮ, ಒಂದಕ್ಷರ ಆಚೀಚೆಯಿಲ್ಲ. ತರುಣನಿಗೆ ಎಣ್ಣೆಗಾಯಿ ಮರಳಿತು, ನನ್ನ ಸುಖ ಮುಗಿಯಿತು. ಈದ್ ಮುಗಿದ ಮೇಲೆ ಬಸವ್ವನವರು ಹೊಸ ಚೀಟಿಯ ಪ್ರಕಾರ ಮೇಲಿನ ಮನೆಗೆ ಮೂರು ಬಗೆಯ ಸಂಜೆ ಡಬ್ಬಿ ಕಟ್ಟಿ ಕಳಿಸಿದರು. ಸ್ವಲ್ಪ ಹೊತ್ತಿಗೆ ಮೂರೂ ಡಬ್ಬಿ ಹಿಡಿದುಕೊಂಡು ಮೂವರೂ ಕೆಳಗೆ ಬಂದರು.

"ಇದೆಂತ ಬೇರೆ ಬೇರೆ?" ಎಂದರು ಮೊರಿಸ್. "ನಾವೀಗ ಒಂದೇ ಪಾತ್ರೆಯಲ್ಲಿ ಉಣ್ಣುವುದು. ಉಪ್ಪು ಕಡಿಮೆ ಅಭ್ಯಾಸ ಆಯ್ತು, ಬಿ.ಪಿ. ಇಳಿದಿದೆ ಅಂತ ಡಾಕ್ಟ್ರು ಹೇಳಿದ್ರು."

"ನನಗೆ ಬೆಳ್ಳುಳ್ಳಿ ಬೇಡ ಈಗ" ಎಂದರು ಅಲಿಯಬ್ಬ. "ಜಯಪಾಲರ ಜೊತೆ ಬೇಗ ಉಂಡ್ರೆ ನಿದ್ದೆ ಒಳ್ಳೆದು ಬರ್ತದೆ."

ಜಯಪಾಲರು, "ಶುಕ್ರವಾರ ಬಾಲ್ಕನಿಯ ಬಾಗಿಲು ಹಾಕಿಕೊಂಡರೆ ಸಾಕು, ನಾನು ವಾಕಿಂಗ್ ಹೋಗುವುದಿಲ್ಲ" ಎಂದರು. ಅವರ ಮಟ್ಟಿಗೆ ಇದು ದೊಡ್ಡ ಮಾತು.

ಶೇಖಪ್ಪನವರು ಎದೆ ಉಬ್ಬಿಸಿ ಅಭಿಜೀತನಿಗೆ ಫೋನು ಮಾಡಿದರು. "ನೋಡಪಾ, ನಾ ಬರದದ್ದ ಖರೆ ಆತು! ಹಳೇದನ್ನ ಹೊಳ್ಳಿ ಹಾಕು."

"ಸರ್, ಅದು ತಪ್ಪು. ಮುಂದಿನ ರಂಜಾನಿಗೆ ಪ್ರಶ್ನಿ ಹಾಕಿದ್ರ ಮತ್ತ ಖಾಲಿ ಬರ್ತೈತಿ. ಆ ಮನಿಗೆ ಊಟದ ಹೊತ್ತು ಯಾವುದಂತ ಬರೀಲಿ?"

ಶೇಖಪ್ಪನವರು ಫೋನು ಹಿಡಿದುಕೊಂಡೇ ಆ ಪ್ರಶ್ನೆಯನ್ನು ಹೆಂಡತಿಗೆ ದಾಟಿಸಿದರು. ಬಸವ್ವನವರು ಮೂರು ಡಬ್ಬಿಗಳನ್ನು ಒಂದೇ ಪಾತ್ರೆಗೆ ಸುರಿಯುತ್ತ, ತಲೆ ಎತ್ತದೆ ಹೇಳಿದರು.

"ಮೂರೂ ಮಂದಿ ಕೂಡಿದಾಗ ಅಂತ ಬರಿ ಅನ್ರಿ."

ಅಭಿಜೀತ ಹಾಗೇ ಬರೆದ. ಅದು ಗಂಟೆಯೋ ನಿಮಿಷವೋ ಕಂಪ್ಯೂಟರಿಗೆ ತಿಳಿಯಲಿಲ್ಲ. ಆದರೂ ಶೇಖಪ್ಪನವರು ಆ ಮನೆಯ ಊಟದ ಹೊತ್ತು ಕೇಳಿದಾಗಲೆಲ್ಲ ಅದು ಈ ಉತ್ತರವನ್ನೇ ಕೊಟ್ಟಿತು, ಒಂದು ಸಲವೂ ಖಾಲಿ ಬರಲಿಲ್ಲ.